ಬಾಗಿಲು ಕಂಡರೆ ಕೈ ಎತ್ತುತ್ತಿದ್ದವನು

ಅಪ್ಪಾ,

ನಿನಗೆ ಬರುತ್ತಿದ್ದ ಇಂಗ್ಲಿಷು ಎಷ್ಟು? ನನಗೆ ನೆನಪಿರುವುದು ಒಂದೇ ಮಾತು, ಚೆಕ್ಕು. ಗಣಿಯಿಂದ ಮೇಲೆ ಬಂದವರು ಗೇಟಿನಲ್ಲಿ ರುಮಾಲು ಬಿಚ್ಚಿ ಕೊಡವಬೇಕು, ಕೈ ಎತ್ತಬೇಕು, ಬಾಯಿ ತೆರೆಯಬೇಕು. ನಾಲಿಗೆಯಡಿ ಚಿನ್ನವಿಲ್ಲವೆಂದು ಕಾವಲಿನವರು ನೋಡಿದ ಮೇಲೇ ಮನೆ. ಅದು ಚೆಕ್ಕು. ಬಂಗಾರಪೇಟೆ ರೈಲಿನಲ್ಲಿ ಕರಿ ಕೋಟಿನವನು ಟಿಕೆಟ್ ಕೇಳಿದರೆ ಅದೂ ಚೆಕ್ಕು. ಹಬ್ಬಕ್ಕೆ ನನಗೆ ತಂದ ಚೌಕಳಿ ಬಟ್ಟೆಯೂ ಚೆಕ್ಸು. "ಇಷ್ಟಕ್ಕೂ ಒಂದೇ ಮಾತಾ?" ಎಂದು ಕೇಳಿದರೆ, "ದೊರೆಗಳಿಗೆ ಮಾತು ಕಮ್ಮಿ ಕಣಮ್ಮ, ಅನುಮಾನ ಜಾಸ್ತಿ" ಎಂದು ನಗುತ್ತಿದ್ದೆ.

ಮದುವೆಯಾದ ಮೇಲೆ ನನ್ನನ್ನು ಬಿಡಲು ಬೂದಿಕೋಟೆಗೆ ಬಂದೆಯಲ್ಲ, ಆ ದಿನ. ಪಾಳಿ ಮುಗಿಸಿ ನೇರ ಹೊರಟಿದ್ದೆ. ಬೀಗರ ಹೊಸ್ತಿಲ ಮುಂದೆ ನಿಂತವನೇ ರುಮಾಲು ಬಿಚ್ಚಿ ಕೊಡವಿದೆ, ಎರಡೂ ಕೈ ಎತ್ತಿದೆ, ಬಾಯಿ ತೆರೆದೆ. ಜಗುಲಿಯಲ್ಲಿದ್ದವರು ದಂಗಾದರು.

"ಏನ್ ಬೀಗ್ರೇ, ಅಲ್ಲು ನೋವಾ?" ಅಂದರು ಅತ್ತೆ.

"ಇಲ್ಲ ಕಣಮ್ಮ, ಅಭ್ಯಾಸ. ಗೇಟ್ನಾಗೆ ದಿನಾ ಚೆಕ್ ಮಾಡ್ತಾರೆ. ಬಾಗ್ಲು ಕಂಡ್ರೆ ಕೈ ತಾನೇ ಮೇಲಕ್ಕೋಯ್ತದೆ."

"ಏನೂ ಇಲ್ದಿದ್ರೆ ಯಾಕ್ ಚೆಕ್ ಮಾಡ್ತಾರೆ?"

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ.

ಆಮೇಲೆ ತವರಿಂದ ಮರಳಿದಾಗಲೆಲ್ಲ ಅವರು ನನ್ನ ಬಟ್ಟೆಗಂಟು ಬಿಚ್ಚುತ್ತಿದ್ದರು. "ಗಣಿಯೋನ್ ಮಗ್ಳು ಬರಿಗೈಲಿ ಬಂದವ್ಳೆ ಅಂದ್ರೆ ಯಾರ್ ನಂಬ್ತಾರೆ? ತಾ, ಚೆಕ್ ಮಾಡಾನ." ನೀನು ಎಲ್ಲೋ ಚಿನ್ನ ಹೂತಿಟ್ಟಿದ್ದೀಯ ಎಂಬುದು ಅವರ ಗುಮಾನಿ. ಕೇಳಿ ಕೇಳಿ ನನ್ನ ತಲೆಯಲ್ಲೂ ಅದು ಕೂತಿತು. ಅಷ್ಟು ವರ್ಷ ಚಿನ್ನದ ಕಲ್ಲು ಒಡೆದವನು ಒಂದು ಚೂರಾದರೂ...? ಕೇಳಬೇಕೆಂದು ನಂದಿದುರ್ಗ ಗಣಿಯ ನಿನ್ನ ಲೈನ್ ಮನೆಗೆ ಬರುತ್ತಿದ್ದೆ. ನೀನು ಬಾಗಿಲಲ್ಲಿ ಕೈ ಎತ್ತುವುದನ್ನು ಕಂಡು ಕೇಳದೆಯೇ ಮರಳುತ್ತಿದ್ದೆ.

ಕೆಮ್ಮು ಹತ್ತಿದ ಮೇಲೆ ಗಣಿಯ ಡಾಕ್ಟರೂ ಚೆಕ್ ಮಾಡಿದರು. ಎದೆಗೆ ಕೊಳವೆಯಿಟ್ಟು "ಏನೂ ಇಲ್ಲ" ಎಂದರು. ಗೇಟಿನಲ್ಲಿ ಆ ಮಾತು ಕೇಳಿದವನ ಹಾಗೆಯೇ ನೀನು ಖುಷಿಯಾಗಿ ರುಮಾಲು ಸುತ್ತಿಕೊಂಡೆ. ಏನೂ ಇಲ್ಲದ ಎದೆ ಹಾಗೆ ಸಿಳ್ಳೆ ಹಾಕುತ್ತದೆಯೇ? ಸಾಸಿವೆಯಷ್ಟು ಚಿನ್ನವನ್ನು ನಾಲಿಗೆಯಡಿ ಹುಡುಕುವ ಊರಿನಲ್ಲಿ, ಎದೆ ತುಂಬ ಕೂತ ಕಲ್ಲಿನ ಧೂಳು ಯಾರ ಕಣ್ಣಿಗೂ... ಕಾಣಲಿಲ್ಲವೋ, ಕಂಡೂ ಹೇಳಲಿಲ್ಲವೋ. ಆ ಡಾಕ್ಟರ ಮಾತಿನಲ್ಲಿ ನನಗಿನ್ನೂ ನಂಬಿಕೆಯಿಲ್ಲ.

ಇನ್ನು ನಿನಗೆ ಗೊತ್ತಿಲ್ಲದ ಸುದ್ದಿ. ನೀನು ಹೋದ ದಿನ, ನಿನ್ನನ್ನು ಎತ್ತುವ ಮುಂಚೆ ಹಿರಿಯರೊಬ್ಬರು, "ಬಾಯ್ಗೆ ಚಿನ್ನ ಆಕ್ಬೇಕು, ಒಂದ್ ಚೂರು ತನ್ನಿ" ಎಂದರು. ಮನೆಯಲ್ಲಿ ಇರಲಿಲ್ಲ. ತೀರಿಹೋದ ಅಮ್ಮನ ತಾಳಿಬೊಟ್ಟು ನನ್ನ ಕೊರಳಲ್ಲಿತ್ತು. ಮುತ್ತೈದೆಯ ಕೊರಳಿನದನ್ನು ಮುಟ್ಟಬಾರದು ಎಂದರು. ಅಕ್ಕಪಕ್ಕದವರೂ ಮುಖ ಮುಖ ನೋಡಿಕೊಂಡರು. ಚಿನ್ನ ತೆಗೆಯುವವರ ಸಾಲುಮನೆಗಳು ಅಪ್ಪಾ ಅವು, ಒಂದು ಚೂರಿಲ್ಲ.

ಮೂಲೆಯಲ್ಲಿ ಕೂತು ಎಲ್ಲ ನೋಡುತ್ತಿದ್ದ ಅತ್ತೆ ಎದ್ದು ಬಂದರು. ನಿನ್ನ ಗಲ್ಲ ಹಿಡಿದು ಬಾಯೊಳಗೆ ಇಣುಕಿದರು. ನನ್ನ ಮೈ ಉರಿಯಿತು. ಸತ್ತವನನ್ನೂ ಚೆಕ್ ಮಾಡುತ್ತಾಳಾ ಈಕೆ? ಅಷ್ಟರಲ್ಲಿ ಅವರು ತಮ್ಮ ಹವಳದ ಸರದ ದಾರವನ್ನು ಹಲ್ಲಿನಲ್ಲಿ ಕಚ್ಚಿ ಹರಿದು, ನಡುವಿನ ಚಿನ್ನದ ಗುಂಡನ್ನು ನಿನ್ನ ನಾಲಿಗೆಯಡಿ ಇಟ್ಟರು.

"ಬಾಯ್ ಮುಚ್ಕೊಳ್ಳಿ ಬೀಗ್ರೇ," ಅಂದರು. "ಇನ್ ಯಾರೂ ನೋಡಲ್ಲ."

ಮನಸ್ಸು ಕರಗಿ ಕೊಟ್ಟರೋ, ನೆಂಟರೆದುರು ದೊಡ್ಡಸ್ತಿಕೆಗೆ ಕೊಟ್ಟರೋ, ನನಗೆ ತಿಳಿಯದು. ಅಂದಿನಿಂದ ಅವರು ನನ್ನ ಗಂಟು ಬಿಚ್ಚಿಲ್ಲ. ನಾನೇ ಬಾಗಿಲಲ್ಲಿ ಬಿಚ್ಚಿಟ್ಟರೆ ಮುಖ ತಿರುಗಿಸಿ ಒಳಗೆ ಹೋಗುತ್ತಾರೆ.

ನೀನು ಬಾಯಲ್ಲಿಟ್ಟುಕೊಂಡು ಹೋದ ಚಿನ್ನ ಅದೊಂದೇ. ಕೇಳಿದವರಿಗೆಲ್ಲ ಹಾಗೇ ಹೇಳುತ್ತೇನೆ, ಮುಂದೆಯೂ ಹೇಳುತ್ತೇನೆ.

ಅದೊಂದೇ ತಾನೇ, ಅಪ್ಪಾ?