ಮೂಡಿಗೆರೆಯ ಇವತ್ತಿನ ಸಂಖ್ಯೆ

ಮೂಡಿಗೆರೆ
ಜೂನ್ ೨೪, ೨೦೨೧

ಪ್ರೀತಿಯ ಕವನಾ,

ದೂರದಿಂದಲೇ ನಿನ್ನ ತಲೆ ಸವರಿ ಅಮ್ಮ ಬರೆಯುತ್ತಿದ್ದೇನೆ. ಮೇಲೆ ಆಲ್ದೂರು ಎಂದು ಇರಬೇಕಾದ ಕಡೆ ಮೂಡಿಗೆರೆ ಎಂದಿರುವುದನ್ನು ನೋಡಿ ಗಾಬರಿಯಾಗಬೇಡ. ನಾನು ಹಮೀದುನ್ನೀಸಾ ಅವರ ಮನೆಯಲ್ಲಿ, ನೀನು ಬಾಡಿಗೆಗಿದ್ದ ಅದೇ ಕೋಣೆಯಲ್ಲಿ ಕೂತಿದ್ದೇನೆ. ಯಾಕೆ ಬಂದೆ, ಹೇಗೆ ಬಂದೆ ಎಲ್ಲ ಹೇಳುತ್ತೇನೆ. ಕಳಸದ ನಿನ್ನ ಕ್ಯಾಂಪಿಗೆ ಫೋನ್ ಮಾಡಿದರೆ ಅರ್ಧ ಮಾತು ಕೇಳಿಸುವುದೇ ಇಲ್ಲ, ಕೇಳಿಸಿದ ಅರ್ಧದಲ್ಲಿ ನೀನು ಚೆನ್ನಾಗಿದೀನಮ್ಮ ಎಂದು ಮುಗಿಸಿಬಿಡುತ್ತೀಯ. ಕಾಗದದಲ್ಲಾದರೆ ನನ್ನ ಬಾಯಿ ಮುಚ್ಚಿಸಲು ನಿನ್ನಿಂದಾಗದು.

ಮೊದಲು ಜಗಳ ಮುಗಿಸಿಬಿಡುತ್ತೇನೆ.

ಏಪ್ರಿಲ್‌ನಲ್ಲಿ ಎರಡನೆಯ ಅಲೆ ಶುರುವಾದಾಗ ನಿನ್ನನ್ನು ತಾಲ್ಲೂಕಿನ ಕೊರೊನಾ ಲೆಕ್ಕದ ಕೆಲಸಕ್ಕೆ ಹಾಕಿದರಲ್ಲ, ಅಂದಿನಿಂದ ನನಗೂ ಅದೇ ಕೆಲಸವಾಯಿತು. ನೀನು ದಿನಾ ಸಂಜೆ ಬಣಕಲ್, ಗೋಣಿಬೀಡು, ಬಾಳೂರು ಎಂದು ಒಂದೊಂದು ಕಡೆಗೂ ಫೋನ್ ಮಾಡಿ ಎಷ್ಟು ಜನಕ್ಕೆ ಬಂತು, ಎಷ್ಟು ಜನ ವಾಸಿಯಾದರು ಎಂದು ಕೇಳಿ, ಎಲ್ಲಿ ಏರುತ್ತಿದೆ ಎಲ್ಲಿ ಇಳಿಯುತ್ತಿದೆ ಎಂದು ಗೆರೆ ಎಳೆಯುತ್ತಿದ್ದೆ. ನಾನು ಆಲ್ದೂರಿನಲ್ಲಿ, ಬೀಗ ಹಾಕಿದ ಟೈಲರಿಂಗ್ ಅಂಗಡಿಯ ಹಿಂದಿನ ಮನೆಯಲ್ಲಿ ಮೊಬೈಲ್ ಹಿಡಿದು ಬುಲೆಟಿನ್‌ಗೆ ಕಾಯುತ್ತಿದ್ದೆ. ನಿನ್ನ ಅಪ್ಪ ಇಡೀ ಜಿಲ್ಲೆಯದ್ದು ನೋಡುತ್ತಿದ್ದರು. ನನಗೆ ಬೇಕಾಗಿದ್ದದ್ದು ಮೂಡಿಗೆರೆಯದೊಂದೇ. ಅದು ಏರಿದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಇಳಿದ ದಿನ ನಿನಗೆ ಸ್ವಲ್ಪ ನಿದ್ದೆಯಾದರೂ ಆಗಲಿ ಎಂದುಕೊಳ್ಳುತ್ತಿದ್ದೆ.

ಇವತ್ತೆಷ್ಟಾಯಿತು ಎಂದು ನಾನು ಕೇಳಿದಾಗೆಲ್ಲ ನೀನು ಬುಲೆಟಿನ್ ಬರುತ್ತಲ್ಲ, ನೋಡಮ್ಮ ಎನ್ನುತ್ತಿದ್ದೆ. ನಾನೂ ನಂಬಿದ್ದೆ, ಸರ್ಕಾರದ ವಿಷಯ, ಮನೆಯವರಿಗೆ ಹೇಳಬಾರದೇನೋ ಎಂದು. ಒಂದು ಸಂಜೆ ನೀನು ನನ್ನೊಡನೆ ಮಾತಾಡುತ್ತಲೇ ಚಪ್ಪಲಿ ಬಿಟ್ಟು ಒಳಗೆ ಹೋದೆ. ಒಳಗಿನಿಂದ ಹೆಂಗಸೊಬ್ಬರು ನಾನು ಕೇಳಿದ್ದನ್ನೇ ಕೇಳಿದರು. ಫೋನ್ ಕಟ್ ಮಾಡುವುದನ್ನು ಮರೆತು ನೀನು ಎಲ್ಲವನ್ನೂ ಹೇಳಿದೆ. ಬಣಕಲ್ ಕಡೆ ಇಳಿದಿದೆ, ಗೋಣಿಬೀಡಿನಲ್ಲಿ ಏರುತ್ತಿದೆ, ಬಾಳೂರಿನದ್ದು ಮಾತ್ರ ನಂಬುವ ಹಾಗಿಲ್ಲ ಅಮ್ಮಿ, ಎಂದೆ.

ಮಗ ಜಾಹಿದ್ ಕರೆಯುವ ಹಾಗೆ ನೀನೂ ಹಮೀದುನ್ನೀಸಾ ಅವರನ್ನು ಕರೆಯುತ್ತಿದ್ದೀಯ ಎಂದು ನನಗೆ ಆಗ ಗೊತ್ತಾಯಿತು. ಅಮ್ಮ ಎನ್ನುವುದಕ್ಕೂ ಅಮ್ಮಿ ಎನ್ನುವುದಕ್ಕೂ ಒಂದು ಗುಡಿಸಿನ ವ್ಯತ್ಯಾಸ. ಅಂದಿನಿಂದ ನಾನು ಸಂಖ್ಯೆ ಕೇಳುವುದನ್ನು ಬಿಟ್ಟೆ. ನೀನು ಅದನ್ನೂ ಗಮನಿಸಲಿಲ್ಲ.

ಬಾಳೂರಿನ ಸಂಗತಿಯೂ ನನಗೆ ಹೊರಗಿನವರಿಂದಲೇ ತಿಳಿಯಿತು. ಚೆಕ್‌ಪೋಸ್ಟ್ ಡ್ಯೂಟಿಗೆ ಹೋಗುತ್ತಿದ್ದ ರೂಪಶ್ರೀ ಟೀಚರು ಬ್ಲೌಸ್ ಕೊಡಲು ಬಂದವರು, ನಿಮ್ಮ ಮಗಳಿಗೆ ಎಂಥ ಧೈರ್ಯ ಎಂದರು. ಅಲ್ಲಿ ಕೇಸು ಇಳಿಯುತ್ತಿದೆ ಎಂದು ಎಲ್ಲರೂ ಸಮಾಧಾನದಲ್ಲಿದ್ದಾಗ ನೀನೊಬ್ಬಳು, ಇಳಿದಿರುವುದು ಕಾಯಿಲೆಯಲ್ಲ, ಟೆಸ್ಟ್‌ಗೆ ಬರುವವರು ಎಂದೆಯಂತೆ. ಯಾರೂ ಒಪ್ಪದಿದ್ದಾಗ ಟೆಸ್ಟ್ ಮಾಡುವವರನ್ನು ಕರೆದುಕೊಂಡು ಒಂದು ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಗಳಿಗೆ ನೀನೇ ಹೋದೆಯಂತೆ. ಕೂಲಿ ತಪ್ಪುತ್ತದೆ, ಹಿಡಿದುಕೊಂಡು ಹೋಗಿ ಎಲ್ಲೋ ಹಾಕುತ್ತಾರೆ ಎಂಬ ಹೆದರಿಕೆಗೆ ಅವರು ಜ್ವರ ಮುಚ್ಚಿಟ್ಟುಕೊಂಡು ಮಲಗಿದ್ದರಂತೆ. ಮೇಸ್ತ್ರಿ ಮಾರಯ್ಯನೇ ಉಸಿರಾಡಲಾಗದೆ ಗೋಡೆಗೊರಗಿ ಕೂತಿದ್ದನಂತೆ. ಅವನನ್ನು ನೀವು ಜೀಪಿನಲ್ಲಿ ಹಾಕಿಕೊಂಡು ಬಂದದ್ದಕ್ಕೆ ಬದುಕಿದ ಎಂದರು ಟೀಚರು. ನನಗೆ ಎಲ್ಲ ಗೊತ್ತಿದ್ದ ಹಾಗೆ ತಲೆಯಾಡಿಸಿದೆ. ಅಳತೆ ತಪ್ಪಿ ಅವರ ಬ್ಲೌಸಿನ ತೋಳು ಬಿಗಿ ಹೊಲಿದುಬಿಟ್ಟೆ.

ಆ ಲೈನ್ ಮನೆಗಳಿಂದಲೇ ನಿನಗೂ ಬಂತೆಂದು ಕಾಣುತ್ತದೆ. ನನಗೆ ಹೇಳಲಿಲ್ಲ. ಎರಡು ದಿನ ನಿನ್ನ ಫೋನ್ ಇಲ್ಲದೆ ನಾನೇ ಮಾಡಿದಾಗ ಎತ್ತಿಕೊಂಡದ್ದು ಹಮೀದುನ್ನೀಸಾ. ಮಗು ಮಲಗಿದೆ, ಎದ್ದ ಮೇಲೆ ಮಾಡಿಸುತ್ತೇನೆ ಎಂದರು. ನನ್ನ ಮಗಳನ್ನು ಮಗು ಎನ್ನಲು ಇವರು ಯಾರು ಎನ್ನುವ ಸಿಟ್ಟೇ ಮೊದಲು ಬಂದದ್ದು; ಮಟಮಟ ಮಧ್ಯಾಹ್ನ ನೀನೇಕೆ ಮಲಗಿದ್ದೀಯ ಎಂಬುದು ಆಮೇಲೆ ಹೊಳೆಯಿತು.

ಅಪ್ಪ ಪಾಸು ಮಾಡಿಸಿ, ಶಶಿಧರನ ತರಕಾರಿ ಗಾಡಿಯಲ್ಲಿ ನನ್ನನ್ನು ಕಳಿಸಿದರು. ಕಡುಬು, ಕಾಳುಮೆಣಸಿನ ಸಾರು ಮಾಡಿ ತಂದಿದ್ದೆ. ಅವರು ಗೇಟಿನ ಹತ್ತಿರ ಬಂದರೇ ಹೊರತು ಚಿಲಕ ತೆಗೆಯಲಿಲ್ಲ. ಪಾತ್ರೆ ಅಲ್ಲೇ ಇಟ್ಟು ಹೋಗಿ ಎಂದರು. ನನಗೆ ತಡೆಯಲಾಗಲಿಲ್ಲ.

"ನನ್ನ ಮಗಳನ್ನ ನೋಡಕ್ಕೆ ನಿಮ್ಮನ್ನ ಕೇಳ್ಬೇಕಾ?" ಎಂದೆ.

"ಅವಳೇ ಹೇಳಿದ್ದು ಅಕ್ಕ. ನಿಮಗೆ ಶುಗರ್ ಇದೆಯಂತಲ್ಲ, ಒಳಗೆ ಬಿಟ್ರೆ ನನ್ನ ಹತ್ರ ಮಾತೇ ಆಡಲ್ಲ ಅಂದಿದಾಳೆ."

ನಿಮಗೇನು ಹೆದರಿಕೆ ಇಲ್ಲವೇ ಎಂದು ಕೇಳಿದೆ. ಒಳ್ಳೆಯ ಮನಸ್ಸಿನಿಂದ ಕೇಳಿದ್ದಲ್ಲ. ಅವರು ಸೆರಗಿನಿಂದ ಮಾಸ್ಕ್ ಒತ್ತಿಕೊಂಡು, "ಇದೆ. ಆದ್ರೆ ಬೇಡ ಅಂತ ತಡೆಯಕ್ಕೆ ನಂಗೆ ಮಗಳಿಲ್ಲ" ಎಂದರು.

ನಿನ್ನ ಕೋಣೆಯ ಕಿಟಕಿ ಗೇಟಿಗೆ ಕಾಣುವುದಿಲ್ಲ. ಆದರೂ ಸ್ವಲ್ಪ ಹೊತ್ತು ನಿಂತಿದ್ದು ವಾಪಸು ಬಂದೆ. ದಾರಿಯುದ್ದಕ್ಕೂ ಅವರನ್ನು ಬೈದುಕೊಂಡೆ. ಶಶಿಧರ ಪಾಪ ಎಲ್ಲದಕ್ಕೂ ಹೂಂ ಎನ್ನುತ್ತಿದ್ದ.

ನೀನು ಎದ್ದೆ, ಸುಧಾರಿಸಿಕೊಂಡೆ. ಕಳಸದಾಚೆಯ ಹಳ್ಳಿಗಳಲ್ಲಿ ಏರುತ್ತಿದೆ ಎಂದು ನಿನ್ನನ್ನು ಅಲ್ಲಿಗೆ ಹಾಕಿದರು. ಇಷ್ಟು ನಿನಗೆ ಗೊತ್ತಿದ್ದದ್ದು. ಇನ್ನು ಹೇಳುವುದು ನಿನಗೆ ಗೊತ್ತಿಲ್ಲ. ಕುಳಿತುಕೊಂಡು ಓದು.

ನೀನು ಕಳಸಕ್ಕೆ ಹೋದ ವಾರವೇ ಹಮೀದುನ್ನೀಸಾ ಅವರಿಗೆ ಜ್ವರ ಬಂತು. ನಿನ್ನಿಂದ ಬಂದದ್ದಲ್ಲ ಎಂದು ಬರೆಯಲೇಬೇಕೆಂದು ಅವರು ಎರಡೆರಡು ಸಲ ಹೇಳಿದ್ದಾರೆ. ಉಸಿರು ಕಟ್ಟುವಂತಾದಾಗ ಜಾಹಿದ್ ಆಸ್ಪತ್ರೆಗೆ ಸೇರಿಸಿದ, ಆಕ್ಸಿಜನ್ ಕೊಟ್ಟರು. ಆ ಹಾಸಿಗೆಯಿಂದ ಅವರು ಫೋನ್ ಮಾಡಿದ್ದು ನನಗೆ. ಸಹಾಯ ಕೇಳಲು ಅಲ್ಲ. ಒಂದೊಂದು ಮಾತಿಗೂ ನಿಲ್ಲಿಸಿ ಉಸಿರೆಳೆದುಕೊಂಡು, ಮಗುವಿಗೆ ಗೊತ್ತಾದರೆ ಕ್ಯಾಂಪ್ ಬಿಟ್ಟು ಓಡಿ ಬರುತ್ತಾಳೆ, ನನ್ನ ಫೋನ್ ಕೆಟ್ಟಿದೆ ಎಂದು ಹೇಳಿ ಅಕ್ಕ ಎಂದರು.

ಆಯಿತು ಎಂದು ಫೋನ್ ಇಟ್ಟೆ. ಸುಳ್ಳು ಯಾಕೆ ಹೇಳಲಿ, ಕವನಾ, ಮೊದಲು ನನಗಾದದ್ದು ಸಂತೋಷ. ನಿನಗೆ ಗೊತ್ತಿಲ್ಲದ ಒಂದು ವಿಷಯ ಕೊನೆಗೂ ನನಗೆ ಮೊದಲು ಗೊತ್ತಾಗಿತ್ತು. ಆಮೇಲೆ ಗ್ಯಾಸ್ ಒಲೆ ಹಚ್ಚಿ ಚಹಾಕ್ಕೆ ನೀರಿಟ್ಟೆ. ನೀರು ಕುದಿಯುವಷ್ಟರಲ್ಲಿ ಆ ಸಂತೋಷ ಹೋಗಿತ್ತು. ಅವರ ಉಸಿರಾಟದ ಸದ್ದೊಂದೇ ಕಿವಿಯಲ್ಲಿ ಉಳಿಯಿತು.

ಅವರನ್ನು ಮನೆಗೆ ಕಳಿಸುವ ದಿನ ನಾನು ಇಲ್ಲಿಗೆ ಬಂದೆ. ಜಾಹಿದ್ ಔಷಧಿ ಜೀಪು ಓಡಿಸುತ್ತಾನಲ್ಲ, ಅವನು ರಜೆ ಹಾಕಿದರೆ ಕಳಸದ ಕಡೆಗೆ ಬೇರೆ ಡ್ರೈವರ್ ಇಲ್ಲ. ಅವರಿಗೋ, ಎದ್ದು ಒಂದು ಲೋಟ ನೀರು ಕುಡಿಯುವ ಶಕ್ತಿಯೂ ಇರಲಿಲ್ಲ. ಅಪ್ಪ ಬೇಡವೆಂದರು, ನನ್ನ ಶುಗರ್ ನೆನಪಿಸಿದರು. ಲಸಿಕೆ ಒಂದು ಡೋಸ್ ಆಗಿದೆಯಲ್ಲ ಎಂದು ವಾದಿಸಿ ಬಂದೆ. ಜಾಹಿದ್ ದಿನಾ ನಿನ್ನ ಮುಖ ನೋಡಿಯೂ ಏನೂ ಹೇಳದೆ ಔಷಧಿ ಇಳಿಸಿ ಬರುತ್ತಿದ್ದ. ತಾಯಿಗೆ ಮಾತು ಕೊಟ್ಟಿದ್ದಾನೆ, ಅವನನ್ನು ಬೈಯಬೇಡ.

ಈ ಮನೆಯಲ್ಲಿ ನನ್ನ ಹೊಟ್ಟೆಕಿಚ್ಚು ಕಡಿಮೆಯಾಯಿತೆಂದು ತಿಳಿಯಬೇಡ. ಹೆಚ್ಚೇ ಆಯಿತು. ನಮ್ಮ ಮನೆಯಲ್ಲಿ ಮೆಂತ್ಯೆ ಹಾಕಿದ್ದನ್ನು ಮೂಸಿ ದೂರ ತಳ್ಳುವವಳು ಇಲ್ಲಿ ಮೆಂತ್ಯೆ ಗಂಜಿಯನ್ನು ಕೇಳಿ ಹಾಕಿಸಿಕೊಂಡು ಕುಡಿಯುತ್ತಿದ್ದೆಯಂತೆ. ನಿನಗೆ ಬೆನ್ನು ನೋವು ಬರುವುದು ಇವರಿಗೆ ಗೊತ್ತು, ನನಗೆ ಗೊತ್ತಿಲ್ಲ. ಬಾಳೂರಿಗೆ ಹೋಗುವ ಹಿಂದಿನ ದಿನ ನೀನು ಹೆದರಿ ಅತ್ತಿದ್ದೂ ಇವರಿಗೆ ಗೊತ್ತು. ಒಂದೊಂದನ್ನೂ ಅವರು ಪ್ರೀತಿಯಿಂದ ಹೇಳುತ್ತಿದ್ದರು. ನಾನು ಗಂಜಿ ಕಲಕುತ್ತಾ ಒಳಗೊಳಗೇ ಬೇಯುತ್ತಿದ್ದೆ.

ಮೊನ್ನೆ ತಡೆಯಲಾಗದೆ ಹೇಳಿಯೇಬಿಟ್ಟೆ. ಅವಳನ್ನು ಹೆತ್ತವಳು ನಾನು, ಅವಳ ಸುದ್ದಿ ಮಾತ್ರ ನಿಮ್ಮಿಂದ ಕೇಳಬೇಕು ಎಂದೆ. ಅವರು ದಿಂಬಿಗೆ ಒರಗಿದ್ದವರು ಕಷ್ಟಪಟ್ಟು ಎದ್ದು ಕೂತರು.

"ಜ್ವರ ಜೋರಿದ್ದಾಗ ಅಮ್ಮಾ ಅಂದ್ಲು. ನನ್ನನ್ನೇ ಅಂತ ಓಡಿಹೋಗಿ ಕೈ ಹಿಡ್ಕೊಂಡೆ. ಕಣ್ಣು ಬಿಟ್ಟು ನೋಡಿದ್ಲು. ಆಲ್ದೂರಿಂದ ಅಮ್ಮ ಬಂದಿಲ್ವಾ ಅಂತ ಕೇಳಿದ್ಲು. ಗೇಟಿಂದ ನಿಮ್ಮನ್ನ ಕಳಿಸಿದ್ದು ಹಿಂದಿನ ದಿನವೇ. ನಾನು ಏನಂತ ಹೇಳ್ಲಿ?"

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ನಾನು ಅಡುಗೆಮನೆಗೆ ಹೋಗಿ, ಅಲ್ಲಿ ಯಾರಿಗೂ ಕಾಣದ ಹಾಗೆ ನಕ್ಕೆ, ಆಮೇಲೆ ಅತ್ತೆ. ಆ ಹೆಂಗಸು ಇಷ್ಟು ದಿನ ಆ ಮಾತನ್ನು ನನಗೆ ಹೇಳದೆ ಇಟ್ಟುಕೊಂಡದ್ದೇಕೆ ಎಂದು ನನಗೆ ಚೆನ್ನಾಗಿ ಅರ್ಥವಾಯಿತು. ನಾನಾಗಿದ್ದರೂ ಹೇಳುತ್ತಿರಲಿಲ್ಲ.

ಈಗ ಅವರು ಗೋಡೆ ಹಿಡಿದು ಓಡಾಡುತ್ತಾರೆ. ಸಂಜೆಯಾದರೆ ಇಬ್ಬರೂ ಜಗಲಿಯಲ್ಲಿ ಕೂತು ಬುಲೆಟಿನ್ ನೋಡುತ್ತೇವೆ. ಮೂಡಿಗೆರೆಯದು ಇಳಿಯುತ್ತಿದೆ. ನಾವಿಬ್ಬರೂ ನೋಡುವುದು ಕಳಸದ ಕಡೆಯದನ್ನು. ಅಲ್ಲಿ ಟೆಸ್ಟ್ ಆದವರು ಎಷ್ಟು ಎಂದೂ ನೋಡಿಯೇ ನಂಬುವುದನ್ನು ಅವರು ನನಗೆ ಕಲಿಸಿದ್ದಾರೆ. ನೀನು ಅವರಿಗೆ ಕಲಿಸಿದ್ದಂತೆ. ನನಗೆ ನೀನೇ ಕಲಿಸಬಹುದಿತ್ತು.

ಮಾಸ್ಕ್ ತೆಗೆಯಬೇಡ. ಬೆನ್ನಿಗೆ ಎಣ್ಣೆ ಕಳಿಸಿದ್ದೇನೆ. ರಜೆ ಸಿಕ್ಕಿದರೆ ಮೊದಲು ಆಲ್ದೂರಿಗೆ ಬರಬೇಕು, ಮೂಡಿಗೆರೆಗೆ ಅದಾದ ಮೇಲೆ. ಇದರಲ್ಲಿ ಮಾತ್ರ ರಾಜಿಯಿಲ್ಲ.

ನಿನ್ನನ್ನು ಹೆತ್ತ,
ನಂಜಮ್ಮ

ಮರೆತ ಮಾತು: ಮರೆತದ್ದಲ್ಲ, ಬೇಕೆಂದೇ ಕೊನೆಗೆ ಬರೆಯುತ್ತಿದ್ದೇನೆ. ಇಲ್ಲಿಗೆ ಬಂದ ಮೇಲೆ ನನಗೂ ಬಂದಿತ್ತು. ಜೋರಾಗಿರಲಿಲ್ಲ, ಈಗ ಪೂರ್ತಿ ವಾಸಿಯಾಗಿದೆ, ನಿನ್ನೆಯ ಟೆಸ್ಟ್‌ನಲ್ಲೂ ಏನಿಲ್ಲ. ಹೋದ ವಾರದ ಮೂಡಿಗೆರೆಯ ಸಂಖ್ಯೆಯಲ್ಲಿ ನಾನೂ ಒಬ್ಬಳಿದ್ದೆ. ಅಪ್ಪನಿಗೆ ಹೇಳಿದ್ದು ನಿನ್ನೆ, ನಿನಗೆ ಇವತ್ತು. ಮೊದಲು ಹೇಳಿದ್ದು ಹಮೀದುನ್ನೀಸಾ ಅವರಿಗೆ. ಓದಿ ನಿನಗೆ ಹೊಟ್ಟೆಕಿಚ್ಚಾದರೆ ಆಗಲಿ ಬಿಡು, ಸ್ವಲ್ಪ ಹೊತ್ತು.