ಆರ್ಡರ್ ಆಗಿಲ್ಲ

ಶಿಕಾರಿಪುರ
೯ ನವೆಂಬರ್ ೨೦೨೪

ಪ್ರೀತಿಯ ಗಂಗಾ,

ಹೇಗಿದ್ದೀಯೆ? ನೀನು ಹೆಣೆದು ಕಳಿಸಿದ ಕುಲಾವಿ ಮಗನ ತಲೆಗೆ ಬಿಗಿಯಾಗುವಷ್ಟು ದಿನ ಕಳೆದರೂ ಉತ್ತರ ಬರೆಯಲಿಲ್ಲ. ಬೈದುಕೋ, ಆದರೆ ಪೂರ್ತಿ ಓದು. ಫೋನಿನಲ್ಲಿ ಹೇಳಹೋದರೆ ಅಳು ಬರುತ್ತದೆ, ಅತ್ತೆ ಬಾಗಿಲಿಗೆ ಬಂದು ನಿಲ್ಲುತ್ತಾರೆ.

"ಹೆರಿಗೆಗೆ ಸೊರಬ ಬಿಟ್ಟು ನಿಮ್ಮ ನರ್ಸಿಂಗ್ ಹೋಮಿಗೇ ಬರ್ತೀನಿ ಕಣೇ, ನೀನಿದ್ದೀಯಲ್ಲ" ಅಂತ ನೀನು ಅಂದಿದ್ದೆ. ಆ ಮಾತಿಗೇ ಈ ಕಾಗದ. ಬರಬೇಡ ಗಂಗಾ.

ನಾನು ಬಾಣಂತನ ಮುಗಿಸಿ ಕೆಲಸಕ್ಕೆ ಹೋದ ಹೊಸತರಲ್ಲಿ ಒಬ್ಬಳಿಗೆ ಹೆರಿಗೆಯಾದ ಮೇಲೆ ರಕ್ತ ನಿಲ್ಲಲಿಲ್ಲ. ಡಾಕ್ಟರು ಊರಲ್ಲಿಲ್ಲ, ಫೋನ್ ಎತ್ತುತ್ತಿಲ್ಲ. ಹೊಟ್ಟೆ ನೀವುತ್ತಲೇ ಇಂಜೆಕ್ಷನ್ ಕೊಟ್ಟೆ. ನಾಲ್ಕು ವರ್ಷ ನರ್ಸಿಂಗ್ ಓದಿದ್ದು ಇನ್ನೇತಕ್ಕೆ? ಬದುಕಿದಳು. ಅವಳ ಅತ್ತೆ ಉಚ್ಚಂಗಮ್ಮ ನನ್ನ ಗಲ್ಲ ಹಿಡಿದು, "ನೀನೇ ನಮ್ ಡಾಕ್ಟ್ರವ್ವಾ" ಅಂದುಬಿಟ್ಟರು. ಅದು ಡಾಕ್ಟರ ಕಿವಿಗೆ ಬಿತ್ತು.

ಮರುದಿನ ಎಲ್ಲರ ಮುಂದೆ ನಿಲ್ಲಿಸಿ, "ಏನ್ ಡಾಕ್ಟ್ರಮ್ಮಾ, ಇಂಜೆಕ್ಷನ್ ಹೇಳೋದು ನಾನೋ ನೀನೋ?" ಅಂದರು. "ಆರ್ಡರ್ ಇಲ್ಲದೆ ಸೂಜಿ ಮುಟ್ಟಲ್ಲ ಸರ್" ಅಂತ ನನ್ನ ಬಾಯಿಂದಲೇ ಹೇಳಿಸಿದರು. ಅವತ್ತಿನಿಂದ ಕಾಂಪೌಂಡರ್ ತೀರ್ಥೇಶನಿಗೆ ಅದೇ ತಮಾಷೆ: "ಸಿಸ್ಟರ್, ಫ್ಯಾನ್ ಹಾಕ್ಲಾ? ಆರ್ಡರ್ ಆಗಿದೆಯೇನ್ರೀ?" ಮನೆಯಲ್ಲಿ ಇವರೂ, "ಹೇಳಿದ್ದಷ್ಟು ಮಾಡ್ಕೊಂಡು ಬಾ ಮಾರಾಯ್ತಿ" ಅನ್ನುತ್ತಾರೆ.

ಹಾಗೇ ಮಾಡಿಕೊಂಡಿದ್ದೇನೆ. ಮಗ ಮಲಗಿದರೂ ನನಗೆ ನಿದ್ದೆಯಿಲ್ಲ. ಮೊನ್ನೆ ಅವನಿಗೆ ಜ್ವರ ಬಂದಾಗ ಸಿರಪ್ ಬಾಟಲಿ ಹಿಡಿದು ಇವರ ಮುಖ ನೋಡುತ್ತ ನಿಂತಿದ್ದೆ. "ನರ್ಸ್ ನೀನಾ ನಾನಾ?" ಅಂದರು.

ಸೊರಬದಲ್ಲೋ ಶಿವಮೊಗ್ಗದಲ್ಲೋ, ಆರ್ಡರಿಗೆ ಕಾಯದೆ ಕೈ ಹಾಕುವ ಸಿಸ್ಟರ್ ಇರುವ ಕಡೆ ಹೋಗು. ಮೊದಲೇ ವಿಚಾರಿಸು, ನಾಚಿಕೆ ಬೇಡ. ಸುಖವಾಗಿ ಹೆತ್ತು ಎರಡು ಜೀವವೂ ನಗುತ್ತಾ ಮನೆ ಸೇರಿ.

ನಿನ್ನ
ಸ್ಪಂದನ

ಮರೆತು ಕೆಳಗೆ ಬರೆಯುತ್ತಿಲ್ಲ, ಮೇಲೆ ಬರೆಯಲಾಗಲಿಲ್ಲ. ಹೋದ ವಾರ ಇನ್ನೊಬ್ಬಳಿಗೂ ಹಾಗೇ ರಕ್ತ ಹೋಯಿತು. ಒಂದು ಕೈಲಿ ಔಷಧಿ ತುಂಬಿದ ಸಿರಿಂಜು, ಇನ್ನೊಂದರಲ್ಲಿ ರಿಂಗಾಗುತ್ತಲೇ ಇದ್ದ ಫೋನು. ಡಾಕ್ಟರು ಎತ್ತಿ "ಕೊಡು" ಅನ್ನುವಷ್ಟರಲ್ಲಿ ಹೊತ್ತು ಮೀರಿತ್ತು. ಶಿವಮೊಗ್ಗಕ್ಕೆ ಒಯ್ಯುವಾಗ ಸವಳಂಗದ ಹತ್ತಿರ ಜೀವ ಬಿಟ್ಟಳು. ಮಗು ಇಲ್ಲೇ ಅಳುತ್ತಿತ್ತು. ಎತ್ತಿಕೊಂಡು ನನ್ನ ಹಾಲು ಕುಡಿಸಿದೆ. ಅದಕ್ಕೆ ಯಾರನ್ನೂ ಕೇಳಲಿಲ್ಲ ಗಂಗಾ. ಅದರ ತಾಯಿಗೆ ಸೂಜಿ ಕೊಡಲು ಮಾತ್ರ ಯಾಕೆ ಕೇಳುತ್ತ ನಿಂತೆ?