ನೂರಾ ಎಂಬತ್ತೇಳು ಡಿಗ್ರಿ

ನರ್ಗೀಸ,

ಇಂದು ಮಧ್ಯಾಹ್ನ ಕುಣಿದುಬಿಟ್ಟೆ, ಅದೂ ವಿದ್ಯಾಗಿರಿಯ ನಮ್ಮ ಹಳೇ ಲ್ಯಾಬಿನಲ್ಲಿ, ವಿದ್ಯಾರ್ಥಿಗಳ ಎದುರಿಗೇ! ಬಾದಾಮಿ ಗುಡ್ಡದ ಬೇರಿನಿಂದ ನೀನು ತೆಗೆದಿದ್ದೆಯಲ್ಲ ಬಿಳಿ ಹರಳು, ಅದನ್ನೇ ಬೇರಿನ ಹಂಗಿಲ್ಲದೆ, ಬರೀ ರಾಸಾಯನಿಕಗಳಿಂದ ಕಟ್ಟಿದ್ದೇನೆ. ಹನ್ನೊಂದು ವರ್ಷ ಹಿಡಿಯಿತು. "ಗಿಡಾ ಮಾಡೂ ಕೆಲಸಾ ನೀ ಮಾಡ್ತಿಯೇನ ಶಿವಗಂಗಾ?" ಎಂದು ನೀನು ನಗುತ್ತಿದ್ದೆ. ಮಾಡಿದೆ ನೋಡು!

ಕೊನೆಯ ಪರೀಕ್ಷೆಗೆ ನಿನ್ನ ಸೀಸೆಯಲ್ಲಿ ಉಳಿದಿದ್ದ ಚಿಟಿಕೆಯನ್ನು ನನ್ನ ಪುಡಿಯೊಂದಿಗೆ ಬೆರೆಸಿ ಕಾಯಿಸಿದೆ. ಎರಡೂ ಬೇರೆ ಬೇರೆ ವಸ್ತುವಾಗಿದ್ದರೆ ಮಿಶ್ರಣ ಕಡಿಮೆ ಶಾಖಕ್ಕೇ ಕರಗಬೇಕು ತಾನೇ? ಕರಗಲಿಲ್ಲ. ನಿನ್ನ ಹರಳು ಕರಗುತ್ತಿದ್ದ ನೂರಾ ಎಂಬತ್ತೇಳಕ್ಕೇ ಬಂದು, ಒಮ್ಮೆಲೇ ನೀರಾಯಿತು. ಅದರಲ್ಲಿ ನಿನ್ನದೆಷ್ಟು, ನನ್ನದೆಷ್ಟು, ಇನ್ನು ಯಾರೂ ಹೇಳಲಾರರು.

ನೀನು ಬದುಕಿದ್ದಾಗ ನಾನು ಪ್ರಕಟಿಸಿದ ಪ್ರಬಂಧದಲ್ಲಿ ನಿನ್ನ ಹೆಸರಿರಲಿಲ್ಲ. ಈಗ ಬರೆಯುವ ಪ್ರಬಂಧದಲ್ಲಿ ಮೊದಲ ಹೆಸರೇ ನಿನ್ನದು.

ಸಂಜೆ ನನ್ನ ವಿದ್ಯಾರ್ಥಿನಿ ಅಲ್ಮಾಸ ಖಾಲಿ ಸೀಸೆಗಳನ್ನೆಲ್ಲ ತೊಳೆಯಲು ಒಯ್ಯುತ್ತಿದ್ದಳು. ನಿನ್ನದನ್ನು ಎತ್ತಿ ಹಿಡಿದು, "ಮೇಡಂ, ಈ ಚೀಟಿ ಮ್ಯಾಲಿನ ಅಕ್ಷರ ಯಾರವ್ರಿ? ಭಾಳ ಚಂದ ಅದಾವು" ಎಂದಳು.

"ನನ್ನ ಗೆಳತೀವು," ಎಂದೆ. "ಅದೊಂದು ತೊಳೀಬ್ಯಾಡವಾ."